ದೂರದ ಹಾದಿಗೆ ಹಳೆಯ ಮೋಟಾರ್ ಸೈಕಲ್: ಹಲ್ಲೂ ನೋಡಬೇಕು, ಕಾಗದವೂ ನೋಡಬೇಕು

ದಾನವಾಗಿ ಬಂದ ಆಕಳ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳಿದ್ದಾರೆ. ಆದರೆ ಹಣ ಕೊಟ್ಟು ತರುವ ಎತ್ತಿನ ಹಲ್ಲು ನೋಡಬಾರದೆಂದು ಯಾರೂ ಹೇಳಿದ್ದಿಲ್ಲ. ಖಿಲಾರಿ ತಳಿಯ ಎತ್ತುಗಳಿಗೆ ಹೆಸರಾದ ಸಾಂಗ್ಲಿ, ಸೊಲ್ಲಾಪುರ, ವಿಜಯಪುರ ಸೀಮೆಯ ರೈತನು ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ದರದ ಮಾತು ಆಮೇಲಿನದು. ಅದೇ ರೈತನ ಮಗ ಇಂದು ಹಳೆಯ ಮೋಟಾರ್ ಸೈಕಲ್ ಕೊಳ್ಳಹೊರಟರೆ ಬಣ್ಣ ನೋಡಿ, ಸದ್ದು ಕೇಳಿ, ಮುಂಗಡ ಕೊಟ್ಟು ಬಂದುಬಿಡುತ್ತಾನೆ. ನಮ್ಮ ಕಾಸರಗೋಡಿನ ಹುಡುಗರೂ ಇದಕ್ಕೆ ಹೊರತಲ್ಲ.

ದೂರ ಪ್ರಯಾಣದ ಹವ್ಯಾಸ ಈಗ ನಮ್ಮ ಮನೆಗಳಿಗೂ ಬಂದಿದೆ. ದೂರಕ್ಕೆಂದೇ ಮಾಡಿದ ಹೊಸ ಬೈಕಿಗೆ ಎರಡು ಲಕ್ಷ ರೂಪಾಯಿಗೆ ಮೇಲೆ ತೆರಬೇಕು. ಆದ್ದರಿಂದ ಕಣ್ಣು ಹಳೆಯದರ ಕಡೆಗೆ ಹೊರಳುವುದು ಸಹಜ, ತಪ್ಪೂ ಅಲ್ಲ. ಸರಿಯಾಗಿ ನೋಡಿಕೊಂಡ ಹಳೆಯ ಬೈಕು, ಕಡೆಗಣಿಸಿದ ಹೊಸ ಬೈಕಿಗಿಂತ ಮೇಲು. ಆದರೆ ಎರಡು ರಾಜ್ಯಗಳ ಅಂಚಿನಲ್ಲಿ ಬಾಳುವ ನಮ್ಮಂಥವರು ಈ ವ್ಯವಹಾರದಲ್ಲಿ ಉಳಿದವರಿಗಿಂತ ಒಂದು ಪಟ್ಟು ಹೆಚ್ಚು ಎಚ್ಚರದಿಂದಿರಬೇಕು. ಅದೇಕೆಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಕಾಸರಗೋಡಿನ ಯುವಕನೊಬ್ಬ, ಸೊರಡಿಯ ಯುವಕನೊಬ್ಬ ಪುಣೆಯ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆಂದು ಭಾವಿಸಿ. ಸೊರಡಿಯೆಂದರೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ಹಳ್ಳಿ. ಜತ್ತದ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ ಅದೇ ವರದಿಯಲ್ಲಿ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಹಳ್ಳಿಗಳ ಹೆಸರೂ ಇತ್ತು. ಎರಡೂ ಜಾರಿಯಾಗಲಿಲ್ಲ. ನಾವು ಮಲಯಾಳದ ನಡುವೆ ಉಳಿದೆವು, ಅವರು ಮರಾಠಿಯ ನಡುವೆ ಉಳಿದರು. ಹೀಗಾಗಿ ಪರವೂರಿನಲ್ಲಿ ಇಬ್ಬರು ಕನ್ನಡಿಗರು ಸೇರಿದರೆ ಗೆಳೆತನಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. ಸೊರಡಿಯ ಗೆಳೆಯ ತನ್ನ ಬೈಕು ಮಾರಬೇಕೆನ್ನುತ್ತಾನೆ. “ಗಾಡಿ ಛಲೋ ಐತಿ” ಎಂದು ಅವನು, “ನೀನು ಹೇಳಿದ ಮೇಲೆ ಒಳ್ಳೆದೇ ಉಂಟು” ಎಂದು ಇವನು. ಇಲ್ಲಿಗೆ ವ್ಯಾಪಾರ ಮುಗಿಯಿತೆಂದು ಇಬ್ಬರೂ ತಿಳಿಯುತ್ತಾರೆ. ವಾಸ್ತವವಾಗಿ ಅದು ಇನ್ನೂ ಆರಂಭವಾಗಿರುವುದೇ ಇಲ್ಲ.

ಯಾವ ಜಾತಿಯ ಬೈಕು?

ಮೋಟಾರ್ ಸೈಕಲುಗಳಲ್ಲಿ ಹಲವು ಜಾತಿಗಳುಂಟು. ಓಟದ ಸ್ಪರ್ಧೆಯ ಮಾದರಿಯದರಲ್ಲಿ ಸವಾರನು ಮುಂದಕ್ಕೆ ಬಾಗಿ ಕುಳಿತು ಮೈಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಹೊರಬೇಕು. ಕಾಲು ಮುಂದೆ ಚಾಚಿ ಕೂರುವ ಕ್ರೂಸರ್ ಮಾದರಿಯಲ್ಲಿ ರಸ್ತೆಯ ಪ್ರತಿಯೊಂದು ಹೊಡೆತವೂ ಬೆನ್ನೆಲುಬಿನ ಬುಡಕ್ಕೆ ಬೀಳುತ್ತದೆ. ಇವೆರಡರ ನಡುವಿನದು ‘ಸ್ಪೋರ್ಟ್ ಟೂರಿಂಗ್’ ಎಂಬ ಜಾತಿ. ತುಸುವೇ ಮುಂದಕ್ಕೆ ಬಾಗಿದ ನೆಟ್ಟನೆಯ ಕೂರುವಿಕೆ, ಎದೆಗೆ ಗಾಳಿ ಹೊಡೆಯದಂತೆ ಮುಂಭಾಗದ ಫೇರಿಂಗ್, ದೊಡ್ಡ ಪೆಟ್ರೋಲ್ ಟ್ಯಾಂಕು, ಹಿಂದೆ ಕುಳಿತವರಿಗೂ ಹಿಡಿಯಲು ಗಟ್ಟಿ ಹಿಡಿಕೆ, ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿದರೂ ನಡುಗದ ಎಂಜಿನು ಇದರ ಲಕ್ಷಣಗಳು.

ಹಿಂದೆ ನಮ್ಮಲ್ಲಿ ಹೀಗೆ ಬೇರೆ ಜಾತಿಯೆಂಬುದು ಇರಲಿಲ್ಲ. ಮದರಾಸಿನ ಬುಲೆಟ್, 1961ರಿಂದ 1996ರ ತನಕ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳು, ಇವುಗಳಲ್ಲೇ ಜನ ಘಾಟಿ ಹತ್ತಿ ಇಳಿದರು. ಯೆಜ್ಡಿಯ ಒಂದು ಮಾದರಿಗೆ ‘ರೋಡ್ ಕಿಂಗ್’ ಎಂದೇ ಹೆಸರಿತ್ತು. ದೂರ ಓಟಕ್ಕೆಂದು ಸಾಮಾನ್ಯರ ಕೈಗೆಟಕುವಂತೆ ಬಂದವುಗಳಲ್ಲಿ 2003ರ ಹೀರೋ ಹೋಂಡಾ ಕರಿಜ್ಮಾ ಮೊದಲ ಸಾಲಿನದು. 223 ಸಿ.ಸಿ. ಎಂಜಿನು, 15 ಲೀಟರಿನ ಟ್ಯಾಂಕು. ಅನಂತರ ಬಜಾಜ್ ಪಲ್ಸರ್ 220, 2009ರಲ್ಲಿ ಯಮಹಾ ಫೇಜರ್, 2011ರಲ್ಲಿ ಹೋಂಡಾ ಸಿ.ಬಿ.ಆರ್. 250, 2016ರ ಕೊನೆಗೆ 373 ಸಿ.ಸಿ.ಯ ಬಜಾಜ್ ಡೊಮಿನಾರ್, 2017ರ ಕೊನೆಗೆ ಹೊಸೂರಿನ ಟಿ.ವಿ.ಎಸ್. ಕಾರ್ಖಾನೆಯ ಅಪಾಚೆ ಆರ್.ಆರ್. 310 ಬಂದವು. ಹಳೆಯ ಬೈಕುಗಳ ಪೇಟೆಯಲ್ಲಿ ಕೈಗೆ ಸಿಗುವವು ಹೆಚ್ಚಾಗಿ ಇವೇ.

ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕಿಂತ ಯಾವ ಹಾದಿಗೆ, ಯಾರ ಮೈಗೆ ಎಂದು ಕೇಳುವುದು ಲೇಸು. ವೇಗದ ಲೆಕ್ಕವನ್ನಂತೂ ಬದಿಗಿಡಬಹುದು. ಕೇರಳದಲ್ಲಿ 2023ರ ಜುಲೈಯಿಂದ ದ್ವಿಚಕ್ರ ವಾಹನಗಳ ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್. ಹೀಗಿರುವಾಗ 150 ಕಿಲೋಮೀಟರ್ ಓಡುವ ಶಕ್ತಿಗೆ ಹಣ ಸುರಿದು ಪ್ರಯೋಜನವೇನು? ಬೇಕಾದುದು ಇಬ್ಬರನ್ನೂ ಗಂಟುಮೂಟೆಯನ್ನೂ ಹೊತ್ತು, 60-70ರಲ್ಲಿ ದಿನವಿಡೀ ಏದುಸಿರಿಲ್ಲದೆ ನಡೆಯುವ ಶಕ್ತಿ.

ಮೊದಲು ಹಾದಿ ನೋಡಿ

ಕಾಸರಗೋಡಿನಿಂದ ಜತ್ತಕ್ಕೆ ಹೆಚ್ಚುಕಡಿಮೆ 700 ಕಿಲೋಮೀಟರ್. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ ದಾಟಿ ಅಂಕೋಲದ ತನಕ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿಂದ ಬಲಕ್ಕೆ ತಿರುಗಿ ಹೆದ್ದಾರಿ 52ರಲ್ಲಿ ಅರಬೈಲು ಘಾಟಿ ಹತ್ತಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ. ಮುಂದೆ ನವಲಗುಂದ, ನರಗುಂದದ ಎರೆಭೂಮಿ ಹಾದು, ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ ವಿಜಯಪುರ. ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ ಮಾರ್ಗವಾಗಿ ಜತ್ತ. ಎರಡು ದಿನದ ಹಾದಿಯೆಂದೇ ಎಣಿಸಬೇಕು. ಒಂದೇ ದಿನದಲ್ಲಿ ಓಡಿಸಿ ಮುಗಿಸುವೆನೆನ್ನುವುದು ಶೌರ್ಯವಲ್ಲ.

ಈ ಒಂದೇ ಹಾದಿಯಲ್ಲಿ ಬೈಕಿನ ಎಲ್ಲ ಪರೀಕ್ಷೆಗಳೂ ಆಗಿಹೋಗುತ್ತವೆ. ಕರಾವಳಿಯಲ್ಲಿ ಬೆವರು, ಲಾರಿ, ಕಾಮಗಾರಿಯ ತಿರುವುಗಳು. ಘಾಟಿಯಲ್ಲಿ ಬ್ರೇಕಿನ ಪರೀಕ್ಷೆ. ಹುಬ್ಬಳ್ಳಿ ದಾಟಿದ ಮೇಲೆ ಮರದ ನೆರಳಿಲ್ಲದ ಬಯಲು, ಅಡ್ಡ ಬೀಸುವ ಗಾಳಿ. ಮುಂಭಾಗದ ಫೇರಿಂಗಿನ ಬೆಲೆ ಅಲ್ಲಿ ತಿಳಿಯುತ್ತದೆ. ಹಗುರವಾದ ಬೈಕು ಅಲ್ಲಿ ಓಲಾಡುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿದರೆ, ಮಳೆ ಬಿದ್ದ ದಿನ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ತೂಕವೇ ಶತ್ರು. ಮೊದಲು ಬಂದ ಡೊಮಿನಾರಿನ ತೂಕ 182 ಕಿಲೋ. ಒಬ್ಬನೇ ಕೆಸರಿನಿಂದ ತಳ್ಳಿ ಹೊರತರಬಲ್ಲೆನೇ ಎಂಬುದನ್ನು ಕೊಳ್ಳುವ ಮೊದಲೇ ತಳ್ಳಿ ನೋಡಬೇಕು.

ಮಳೆಗಾಲದಲ್ಲಿ ಈ ಹಾದಿಗೆ ಹೋಗದಿರುವುದೇ ಕ್ಷೇಮ. 2024ರ ಜುಲೈಯಲ್ಲಿ ಅಂಕೋಲದ ಸಮೀಪ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯಲ್ಲಿದ್ದವರು ಪ್ರಾಣ ಕಳೆದುಕೊಂಡುದನ್ನು ಮರೆಯಲಾಗದು. ಎಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು ಸವಾರನನ್ನೂ ಎಂಜಿನನ್ನೂ ಒಟ್ಟಿಗೆ ಬೇಯಿಸುತ್ತದೆ. ನವೆಂಬರಿನಿಂದ ಫೆಬ್ರವರಿ ತನಕ ಹದವಾದ ಕಾಲ.

ಬೈಕಿನ ಮೇಲೆ ಊರಿನ ಗುರುತು

ಮನುಷ್ಯರಂತೆ ಬೈಕಿಗೂ ಹುಟ್ಟಿ ಬೆಳೆದ ನೆಲದ ಗುರುತು ಅಂಟಿರುತ್ತದೆ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಡಲ ಕರೆಯ ಬೈಕಿಗೆ ತುಕ್ಕೇ ರೋಗ. ಮೇಲೆ ಹೊಳೆಯುತ್ತಿದ್ದರೂ ಸೈಲೆನ್ಸರಿನ ಅಡಿ, ಸೀಟಿನ ಕೆಳಗಿನ ಚೌಕಟ್ಟು, ಬ್ಯಾಟರಿಯ ಪೆಟ್ಟಿಗೆ, ಟ್ಯಾಂಕಿನ ಒಳಮೈ ಇವನ್ನು ಟಾರ್ಚು ಹಿಡಿದು ನೋಡಬೇಕು. ವಿದ್ಯುತ್ ತಂತಿಗಳ ಕೀಲುಗಳಲ್ಲಿ ಹಸಿರು ಕಿಲುಬು ಕಂಡರೆ ಮುಂದಿನ ಮಳೆಗಾಲದಲ್ಲಿ ದಾರಿಯಲ್ಲೇ ನಿಲ್ಲುವುದು ಖಂಡಿತ.

ಬರದ ಸೀಮೆಯಾದ ಜತ್ತದ ಬೈಕಿನಲ್ಲಿ ತುಕ್ಕು ಕಡಿಮೆ. ಆ ಮಟ್ಟಿಗೆ ಅದು ನಮಗೆ ಲಾಭವೇ. ಆದರೆ ಅಲ್ಲಿನ ರೋಗ ಧೂಳು ಮತ್ತು ಬಿಸಿಲು. ಏರ್ ಫಿಲ್ಟರನ್ನು ಹೊರಗೆ ತೆಗೆಸಿ ನೋಡಿ. ಅದು ತುಂಬಿಹೋಗಿದ್ದರೆ, ಇಲ್ಲವೇ ಹರಿದಿದ್ದರೆ, ನುಣ್ಣನೆಯ ಧೂಳು ಎಂಜಿನಿನ ಒಳಹೊಕ್ಕು ಸಿಲಿಂಡರನ್ನು ಸವೆಸಿರಬಹುದು. ಮುಂದಿನ ಫೋರ್ಕಿನ ಕೊಳವೆಯ ಸುತ್ತ ಎಣ್ಣೆ ಕಟ್ಟಿದ ಧೂಳಿನ ಉಂಗುರವಿದ್ದರೆ ಸೀಲು ಹೋಗಿದೆಯೆಂದು ತಿಳಿಯಬೇಕು. ಟಯರಿನ ಬದಿಗಳಲ್ಲಿ, ರಬ್ಬರ್ ನಳಿಕೆಗಳಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ ನೋಡಬೇಕು.

ರಬ್ಬರಿನ ವಿಷಯಕ್ಕೆ ಈಗ ಇನ್ನೊಂದು ಮಹತ್ವ ಬಂದಿದೆ. ಇಂದು ಬಂಕುಗಳಲ್ಲಿ ಸಿಗುತ್ತಿರುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು. 2023ರ ಎಪ್ರಿಲಿನಿಂದ ತಯಾರಾದ ವಾಹನಗಳ ಬಿಡಿಭಾಗಗಳು ಇದಕ್ಕೆ ಹೊಂದುವಂಥವು. ಅದಕ್ಕಿಂತ ಹಳೆಯವುಗಳಲ್ಲಿ ಇಂಧನದ ನಳಿಕೆ, ವಾಷರುಗಳು ಬೇಗ ಗಡುಸಾಗಬಹುದು, ಊದಿಕೊಳ್ಳಬಹುದು. ಹಳೆಯ ಬೈಕು ಕೊಂಡೊಡನೆ ಈ ಸಣ್ಣ ಭಾಗಗಳನ್ನು ಬದಲಿಸಿಬಿಡುವುದು ಅಗ್ಗದ ಜಾಣತನ.

ಹಲ್ಲು, ಗೊರಸು, ನಡೆ

ಬೈಕು ನೋಡಲು ಹಗಲಲ್ಲೇ ಹೋಗಬೇಕು. ನಾವು ಬರುವ ಮೊದಲು ಎಂಜಿನು ಚಾಲೂ ಮಾಡಬೇಡಿ ಎಂದು ಮಾಲಕರಿಗೆ ಹೇಳಿಡಬೇಕು. ತಣ್ಣಗಿನ ಎಂಜಿನು ಸುಳ್ಳು ಹೇಳುವುದಿಲ್ಲ. ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ನೀರಿನಿಂದ ತಣಿಯುವ ಎಂಜಿನಿನಲ್ಲಿ ನಿಲ್ಲದೆ ಬಿಳಿ ಹೊಗೆ ಬಂದರೆ ಕೂಲಂಟ್ ಒಳಗೆ ಸೋರುತ್ತಿದೆ. ಅಂಥದನ್ನು ಅಲ್ಲಿಯೇ ಬಿಟ್ಟು ಬರುವುದು ಮೇಲು.

ಎತ್ತಿಗೆ ಹಲ್ಲಿದ್ದಂತೆ ಬೈಕಿಗೂ ಹಲ್ಲುಂಟು. ಹಿಂದಿನ ಚಕ್ರದ ಸ್ಪ್ರಾಕೆಟಿನ ಹಲ್ಲುಗಳು ಕೊಕ್ಕೆಯಂತೆ ಒಂದೇ ಬದಿಗೆ ಬಾಗಿದ್ದರೆ ಚೈನೂ ಸ್ಪ್ರಾಕೆಟುಗಳೂ ಒಟ್ಟಿಗೆ ಬದಲಾಗಬೇಕು. ಮೀಟರು 20,000 ಕಿಲೋಮೀಟರ್ ತೋರಿಸುತ್ತಿದ್ದು ಕಾಲಿಡುವ ರಬ್ಬರು, ಹಿಡಿಕೆ, ಗೇರಿನ ಕಡ್ಡಿ ನುಣ್ಣಗೆ ಸವೆದಿದ್ದರೆ ಮೀಟರಿನ ಮಾತು ನಂಬಬಾರದು.

ಗೊರಸೆಂದರೆ ಟಯರು. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಹುರಿ ಆಳವಾಗಿಯೇ ಇದ್ದರೂ ಆರೇಳು ವರ್ಷ ದಾಟಿದ ಟಯರು ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಬ್ರೇಕಿನ ಡಿಸ್ಕಿನ ಮೇಲೆ ಅದು ಎಷ್ಟು ದಪ್ಪಕ್ಕಿಂತ ತೆಳ್ಳಗಾಗಬಾರದೆಂದು ಕೆತ್ತಿರುತ್ತಾರೆ. ಅದನ್ನೂ ಅಳೆಸಬೇಕು.

ಬಿದ್ದ ಬೈಕನ್ನು ಬಣ್ಣ ಮುಚ್ಚಿಡಬಹುದು, ಕೀಲುಗಳು ಮುಚ್ಚಿಡಲಾರವು. ನಡುಗಾಲಿನ ಮೇಲೆ ನಿಲ್ಲಿಸಿ ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಎಡಬಲಕ್ಕೆ ನಿಧಾನವಾಗಿ ತಿರುಗಿಸಿ. ನಡುವೆ ಎಲ್ಲಿಯಾದರೂ ತಡೆದಂತಾದರೆ ಬೇರಿಂಗ್ ಹೋಗಿದೆ. ಹ್ಯಾಂಡಲು ತಿರುಗಿ ತಾಗುವ ಕಬ್ಬಿಣದ ಮೊಳೆ ಜಜ್ಜಿಹೋಗಿದ್ದರೆ ಬೈಕು ಬಲವಾಗಿ ಬಿದ್ದಿತ್ತೆಂದು ತಿಳಿಯಬೇಕು. ಹಿಂದೆ ನಿಂತು ಎರಡೂ ಚಕ್ರಗಳು ಒಂದೇ ಗೆರೆಯಲ್ಲಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಬೇಕು.

ಕೊನೆಗೆ ನಡೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸದೆ ದೂರದ ಬೈಕು ಕೊಳ್ಳಬಾರದು. ಕುಟುಂಬದವರು ಹಿಂದೆ ಕೂರುವವರಿದ್ದರೆ ಅವರನ್ನೇ ಕೂರಿಸಿ ಓಡಿಸಬೇಕು. ಕೆಲವು ಬೈಕುಗಳ ಹಿಂದಿನ ಸೀಟು ಇರುವುದು ಅಂದಕ್ಕೆ ಮಾತ್ರ.

ವರ್ಷದ ವಿಚಾರದಲ್ಲಿ ಎರಡು ಇಸವಿಗಳನ್ನು ನೆನಪಿಡಬೇಕು. 2019ರ ಎಪ್ರಿಲಿನಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ಬೈಕುಗಳಿಗೂ ಎ.ಬಿ.ಎಸ್. ಕಡ್ಡಾಯವಾಯಿತು. ಬ್ರೇಕು ಗಟ್ಟಿಯಾಗಿ ಒತ್ತಿದರೂ ಚಕ್ರ ಸಿಕ್ಕಿ ಜಾರದಂತೆ ತಡೆಯುವ ಏರ್ಪಾಡಿದು. ಮಳೆಯ ನಾಡಿನವರಿಗೆ ಇದು ಆಡಂಬರವಲ್ಲ, ಪ್ರಾಣದ ಪ್ರಶ್ನೆ. 2020ರ ಎಪ್ರಿಲಿನಿಂದ ಹೊಗೆಯ ಹೊಸ ನಿಯಮ ಬಂದು ಕಾರ್ಬುರೇಟರ್ ಮರೆಯಾಗಿ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂತು. ಅದು ಕೆಟ್ಟರೆ ಹಳ್ಳಿಯ ಮೆಕ್ಯಾನಿಕನ ಸ್ಪಾನರಿಗೆ ಬಗ್ಗುವುದಿಲ್ಲ, ಪರೀಕ್ಷಾ ಯಂತ್ರ ಬೇಕು. ಹಳೆಯ ಕಾರ್ಬುರೇಟರನ್ನಾದರೆ ಯಾವ ಊರಿನ ಮೆಕ್ಯಾನಿಕನೂ ತೊಳೆದು ಕೊಟ್ಟಾನು. ಒಟ್ಟಿನಲ್ಲಿ, ಹಾದಿಯುದ್ದಕ್ಕೂ ಬಿಡಿಭಾಗ ಸಿಗುವ, ಎ.ಬಿ.ಎಸ್. ಇರುವ ಬೈಕು ಕಣ್ಣಿಗೆ ಸ್ವಲ್ಪ ಸಪ್ಪೆಯಾದರೂ ಅದೇ ಉತ್ತಮ.

ಸುಳಿಯೆಂದರೆ ಕಾಗದ

ಎತ್ತು ಎಷ್ಟೇ ಚೆಂದವಿದ್ದರೂ ಕೆಟ್ಟ ಸುಳಿಯಿದ್ದರೆ ರೈತ ಕೊಳ್ಳುವುದಿಲ್ಲ. ಸುಳಿಯ ಫಲವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಬೈಕಿನ ಕಾಗದದ ಫಲ ಮಾತ್ರ ತಪ್ಪುವಂಥದ್ದಲ್ಲ.

ನಮ್ಮ ಉದಾಹರಣೆಗೇ ಬರೋಣ. ಸೊರಡಿಯ ಬೈಕಿಗೆ ಸಾಂಗ್ಲಿ ಸಾರಿಗೆ ಕಚೇರಿಯ ಎಂ.ಎಚ್. 10 ನಂಬರು. ಅದು ಕಾಸರಗೋಡಿನ ಕೆ.ಎಲ್. 14ಕ್ಕೆ ಬರಬೇಕು. ಮಾತುಕತೆ ನಡೆದುದು ಕನ್ನಡದಲ್ಲಿ. ಆದರೆ ನಮೂನೆಗಳು ಇಂಗ್ಲಿಷಿನಲ್ಲಿ, ಸ್ಟಾಂಪು ಕಾಗದದ ಒಪ್ಪಂದ ಅಲ್ಲಿ ಬರೆದರೆ ಮರಾಠಿಯಲ್ಲಿ, ಇಲ್ಲಿ ಬರೆದರೆ ಮಲಯಾಳದಲ್ಲಿ. ಹಿಂದಿ ಕಲಿತ ನಮ್ಮ ಹುಡುಗರು ಮರಾಠಿಯ ಅಕ್ಷರಗಳನ್ನು ಓದಿಯಾರು. ಅಕ್ಷರ ಓದಲು ಬಂದ ಮಾತ್ರಕ್ಕೆ ಅರ್ಥ ತಿಳಿದಂತಾಗಲಿಲ್ಲ. ಸೊರಡಿಯ ಗೆಳೆಯನಿಗೆ ಮಲಯಾಳದ ಅಕ್ಷರವೂ ತಿಳಿಯದು. ಆದುದರಿಂದ ಒಪ್ಪಂದದ ಪ್ರತಿಯೊಂದು ವಾಕ್ಯವನ್ನೂ ತಿಳಿದವರಿಂದ ಕನ್ನಡದಲ್ಲಿ ಹೇಳಿಸಿಕೊಂಡೇ ಇಬ್ಬರೂ ಸಹಿ ಹಾಕಬೇಕು. ಕನ್ನಡದಲ್ಲೇ ಒಂದು ಪ್ರತಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕ್ರಮವಾಗಿ ಆಗಬೇಕಾದುದಿಷ್ಟು. ಆರ್.ಸಿ.ಯಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಬೈಕಿನ ಮೇಲಿರುವುದರೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಬೇಕು. ಸಾಲದ ಮೇಲೆ ಕೊಂಡ ಬೈಕಾದರೆ ಸಾಲ ತೀರಿದ ಬ್ಯಾಂಕಿನ ಪತ್ರವೂ 35ನೆಯ ನಮೂನೆಯೂ ಬೇಕು. ದಂಡ ಬಾಕಿಯಿದೆಯೇ ಎಂಬುದನ್ನು ಕೇಂದ್ರ ಸರಕಾರದ ಪರಿವಾಹನ ತಾಣದಲ್ಲಿ ನೋಡಿಕೊಳ್ಳಬಹುದು. ಬೇರೆ ರಾಜ್ಯಕ್ಕೆ ಒಯ್ಯಲು ಅಡ್ಡಿಯಿಲ್ಲವೆಂಬ ಪತ್ರಕ್ಕಾಗಿ 28ನೆಯ ನಮೂನೆಯಲ್ಲಿ ಮೂಲ ಕಚೇರಿಗೆ ಅರ್ಜಿ ಕೊಡಬೇಕು. ಮೋಟಾರು ವಾಹನ ಕಾಯಿದೆಯ 48ನೆಯ ಕಲಮಿನ ಪ್ರಕಾರ 30 ದಿನಗಳೊಳಗೆ ಕಚೇರಿ ಉತ್ತರಿಸಬೇಕು. ಮಾಲಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಇವುಗಳನ್ನು ಖಾಲಿ ಬಿಟ್ಟು ಸಹಿ ಮಾತ್ರ ಹಾಕಿಸಿಕೊಳ್ಳುವ ರೂಢಿಯಿದೆ. ಅದು ಕೊಟ್ಟವನಿಗೂ ಕೊಂಡವನಿಗೂ ಅಪಾಯ. ವಾಹನ ಬೇರೆ ರಾಜ್ಯಕ್ಕೆ ಹೋಗುವಾಗ ಮಾರಿದವನಿಗೆ 45 ದಿನ, ಕೊಂಡವನಿಗೆ 30 ದಿನ ಗಡುವು. ಹೊರರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಓಡಿಸುವಂತಿಲ್ಲ, ಹೊಸ ನಂಬರು ಪಡೆಯಲೇಬೇಕು. ಆಗ ಕೇರಳದ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಸೊರಡಿಯ ದರ ಅಗ್ಗವೆಂದು ಸಂತೋಷಪಡುವವರು ಈ ತೆರಿಗೆಯನ್ನೂ ಹೋಗಿಬರುವ ಖರ್ಚನ್ನೂ ಕೂಡಿಸಿದ ಮೇಲೆಯೇ ಸಂತೋಷಪಡಬೇಕು.

ನೋಂದಣಿಯ ಆಯುಸ್ಸು 15 ವರ್ಷ, ಅನಂತರ ಐದೈದು ವರ್ಷಕ್ಕೆ ನವೀಕರಣ. 2003-04ರ ಕರಿಜ್ಮಾಗಳು ಆ ವಯಸ್ಸನ್ನು ಎಂದೋ ದಾಟಿವೆ. ಮೋಹಕ್ಕೆ ಕೊಳ್ಳುವವರು ನವೀಕರಣವಾಗಿದೆಯೇ ಎಂದು ಕೇಳಿಯೇ ಕೊಳ್ಳಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಹಾಕಬೇಕು. ಪಾಲಿಸಿ ಹಿಂದಿನವರ ಹೆಸರಿನಲ್ಲೇ ಉಳಿದರೆ ನಮ್ಮ ಬೈಕಿನ ಹಾನಿಗೆ ಪರಿಹಾರ ಕೇಳುವಾಗ ತೊಡಕಾಗುತ್ತದೆ.

ಇಷ್ಟೆಲ್ಲ ಏಕೆ, ಗೆಳೆಯನಲ್ಲವೇ, ನಮ್ಮ ಭಾಷೆಯವನಲ್ಲವೇ ಎನ್ನುವವರಿಗೆ ಒಂದು ತೀರ್ಪನ್ನು ನೆನಪಿಸಬೇಕು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಎಂಬವರ ಪ್ರಕರಣದಲ್ಲಿ ವಾಹನವೊಂದು ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿತ್ತು, ಆದರೆ ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಅದು ಅಪಘಾತಕ್ಕೀಡಾದಾಗ ಪರಿಹಾರದ ಹೊಣೆ ಯಾರದೆಂಬ ಪ್ರಶ್ನೆ ಬಂತು. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲಕರೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಅಂದರೆ ಕಾಸರಗೋಡಿನಲ್ಲಿ ನಡೆದ ಅಪಘಾತಕ್ಕೆ ಸೊರಡಿಯ ಹೊಲದಲ್ಲಿ ನಿಂತಿರುವ ರೈತನ ಮನೆಗೆ ಸಮನ್ಸು ಹೋಗಬಹುದು. ಅದೂ ಅವನಿಗೆ ತಿಳಿಯದ ಭಾಷೆಯ ನಾಡಿನಿಂದ. ಭಾಷೆಯ ಅಲ್ಪಸಂಖ್ಯಾತರಿಗೆ ಕಚೇರಿ, ಕೋರ್ಟುಗಳ ಬಾಗಿಲು ಉಳಿದವರಿಗಿಂತ ಎರಡು ಮೆಟ್ಟಿಲು ಎತ್ತರ. ಇದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ ನಮ್ಮವನೆಂಬ ನಂಬಿಕೆಯಿಂದಲೇ ಕಾಗದವನ್ನು ಸಡಿಲ ಬಿಟ್ಟರೆ ಆ ನಂಬಿಕೆಗೆ ನಾವು ಮಾಡುವ ಮರ್ಯಾದೆ ಯಾವುದು?

ಹಣವನ್ನು ಎಣಿಸುವಾಗ ಒಂದು ಸರಳ ಲೆಕ್ಕವಿಟ್ಟುಕೊಳ್ಳಬಹುದು. ಕೈಯಲ್ಲಿರುವುದನ್ನು ಐದು ಪಾಲು ಮಾಡಿ, ನಾಲ್ಕು ಪಾಲನ್ನು ಬೈಕಿಗೂ ತೆರಿಗೆಗೂ ಇಡಬೇಕು. ಐದನೆಯದನ್ನು ಟಯರು, ಚೈನು, ಬ್ರೇಕು, ಎಣ್ಣೆಗೂ, ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟಿಗೂ ಮೀಸಲಿಡಬೇಕು. ಕೊಂಡ ದಿನವೇ 700 ಕಿಲೋಮೀಟರ್ ಓಡಿಸಿ ತರಬಾರದು. ವಿಜಯಪುರದಲ್ಲೋ ಹುಬ್ಬಳ್ಳಿಯಲ್ಲೋ ಒಳ್ಳೆಯ ಮೆಕ್ಯಾನಿಕನಿಗೆ ತೋರಿಸಿ, ಒಂದು ರಾತ್ರಿ ತಂಗಿ ಬರಬೇಕು. ಸಮಯವಿದ್ದರೆ ಜತ್ತ ತಾಲೂಕಿನಲ್ಲೇ ಇರುವ ಗುಡ್ಡಾಪುರದ ದಾನಮ್ಮದೇವಿಯ ದರ್ಶನವನ್ನೂ ಮಾಡಿಕೊಂಡು ಬರಬಹುದು. ಅಲ್ಲಿಗೆ ಕರ್ನಾಟಕದಿಂದ ಕಾಲ್ನಡೆಯಲ್ಲಿ ಬರುವ ಭಕ್ತರ ನಡುವೆ ಗಡಿಗೆರೆ ಯಾವುದೆಂದು ಕಾಣಿಸುವುದಿಲ್ಲ.

ಗೆಳೆತನದಲ್ಲಿ ಕೊಂಡ ಬೈಕು ಗೆಳೆತನವನ್ನು ಉಳಿಸಬೇಕು. ನಾಲ್ಕು ವರ್ಷಗಳ ಬಳಿಕ ಸೊರಡಿಯಿಂದ ಕಾಸರಗೋಡಿಗೆ ಒಂದು ಫೋನು ಬಂದರೆ ಅದು ಮನೆಯ ಮದುವೆಯ ಕರೆಯಾಗಿರಬೇಕು, ಕೋರ್ಟಿನ ಕರೆಯ ಸುದ್ದಿಯಾಗಿರಬಾರದು.